ಗುಬ್ಬಿಯ ಮಣಿಕಟ್ಟು

ಲಾಂದ್ರದವಳ ಪಾತ್ರವನ್ನು ಯಾರು ಚೆನ್ನಾಗಿ ಮಾಡಿದರು ಎಂದು ಮುಖ ನೋಡಿ ತೀರ್ಪು ಕೊಡುವವರನ್ನು ಕಂಡರೆ ಸೂಜಿಯಕ್ಕನಿಗೆ ನಗು ಬರುತ್ತಿತ್ತು. ಅವಳು ಆ ಪಾತ್ರವನ್ನು ನೋಡಿದ್ದೆಲ್ಲ ಬೆನ್ನಿನ ಕಡೆಯಿಂದ.

ಸೂಜಿಯಕ್ಕ ಅನ್ನುವುದು ತಾಯಿ ಇಟ್ಟ ಹೆಸರಲ್ಲ. ಆದರೆ ತಾಯಿ ಇಟ್ಟ ಹೆಸರು ಹಿಡಿದು ಕರೆದರೆ ಅವಳು ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಎಂದುಕೊಂಡು ಸುಮ್ಮನಿರುತ್ತಿದ್ದಳು. ನಾಟಕ ಕಂಪನಿಯ ಉಡುಪಿನ ಕೋಣೆ ರಂಗದ ಕೆಳಗೆ, ಮೆಟ್ಟಿಲಿಳಿದರೆ ಸಿಗುವ ತಗ್ಗಿನಲ್ಲಿತ್ತು. ಕಿಟಕಿ ರಸ್ತೆಯ ಮಟ್ಟಕ್ಕಿದ್ದುದರಿಂದ ಹಗಲೆಲ್ಲ ಕಾಣುವುದು ದಾರಿಹೋಕರ ಚಪ್ಪಲಿಗಳು ಮಾತ್ರ. ಒಳಗೆ ಇಸ್ತ್ರಿಯ ಹಬೆ, ಒದ್ದೆ ಉಣ್ಣೆಯ ವಾಸನೆ, ಸೀಮೆಸುಣ್ಣದ ಪುಡಿ. ಎಡಗೈ ಮಣಿಕಟ್ಟಿಗೆ ಗುಂಡುಪಿನ್ನು ಚುಚ್ಚುವ ಪುಟ್ಟ ದಿಂಬು ಕಟ್ಟಿಕೊಂಡು ಅವಳು ಆ ಕೋಣೆಯಲ್ಲಿ ತನ್ನ ಹರೆಯವನ್ನೆಲ್ಲ ಕಳೆದಳು.

ಬಂದರಿನ ದಡದಲ್ಲಿ ದಿನಾ ಸಂಜೆ ಲಾಂದ್ರ ಹಿಡಿದು ನಿಲ್ಲುವ ಹೆಂಗಸಿನ ಆ ಸಂಗೀತ ನಾಟಕ ಬಹಳ ಹಳೆಯದು. ಅವಳ ಕೂಸನ್ನು ಸಮುದ್ರ ಕೊಂಡೊಯ್ದಿದೆ, ಅವಳು ಒಪ್ಪುವುದಿಲ್ಲ, ಅಷ್ಟೇ ಕಥೆ. ಹಾಡುಗಳು ಊರಿಗೆಲ್ಲ ಬಾಯಿಪಾಠ. ಕೆಲವು ವರ್ಷಕ್ಕೊಮ್ಮೆ ಕಂಪನಿ ಅದನ್ನು ಮತ್ತೆ ಕಟ್ಟಿದಾಗ ಜನ ಬರುತ್ತಿದ್ದದ್ದು ಕಥೆ ಕೇಳುವುದಕ್ಕಲ್ಲ, ಹೋದ ಸಲದವಳನ್ನೂ ಈ ಸಲದವಳನ್ನೂ ತಕ್ಕಡಿಯಲ್ಲಿಟ್ಟು ತೂಗುವುದಕ್ಕೆ.

ಪಾತ್ರದ ಉಡುಪು ಬೂದುಬಣ್ಣದ ಉದ್ದ ನಿಲುವಂಗಿ, ಬೆನ್ನ ಕಡೆ ತೆರೆದದ್ದು. ಮೊದಲು ಅದಕ್ಕೆ ಹುಕ್ಕುಗಳಿದ್ದವು. ಪಾತ್ರಕ್ಕೆ ಹೆಸರು ತಂದ ಮೊದಲ ನಟಿ, ಎಲ್ಲರೂ ದೊಡ್ಡಕ್ಕ ಎನ್ನುವ ಗಟ್ಟಿ ಆಳು, ಒಮ್ಮೆ ಕೊನೆಯ ಹಾಡಿಗೆ ಉಸಿರು ತುಂಬಿ ಸ್ವರ ಏರಿಸಿದಾಗ ಹುಕ್ಕುಗಳು ಪಟಪಟ ಕಿತ್ತುಬಂದು, ಒಂದು ಹಾರಿ ಹಿಂದಿದ್ದ ಮೇಳದ ಮೀನುಗಾರನ ಹಣೆಗೆ ಬಡಿಯಿತು. ಸತ್ತ ಕೂಸಿಗೆ ಅಳಬೇಕಾದ ಮೇಳವೆಲ್ಲ ಕಿಸಕ್ಕೆಂದಿತು. ಅಂದಿನಿಂದ ಆ ಅಂಗಿಯನ್ನು ಪ್ರತಿ ಆಟಕ್ಕೂ ನಟಿಯ ಮೈಮೇಲೇ ಹೊಲಿಯುವುದು, ಆಟ ಮುಗಿದ ಮೇಲೆ ಕತ್ತರಿಯಿಂದ ಬಿಡಿಸುವುದು ವಾಡಿಕೆಯಾಯಿತು. ಹೊಲಿದಾದ ಮೇಲೆ ಸೂಜಿಯಕ್ಕ ಹಿಂಪರದೆಯ ಸೀಳಿನ ಬಳಿ ದಾರ ಪೋಣಿಸಿದ ಸೂಜಿ ಹಿಡಿದು ಕಾಯುತ್ತಿದ್ದಳು. ನಟಿ ಸಮುದ್ರದ ಕಡೆಗೆ, ಅಂದರೆ ಜನರ ಕಡೆಗೆ, ಮುಖ ಮಾಡಿ ನಿಂತಿರುತ್ತಿದ್ದಳು. ಇವಳಿಗೆ ಕಾಣುತ್ತಿದ್ದದ್ದು ತನ್ನದೇ ಹೊಲಿಗೆ.

ದೊಡ್ಡಕ್ಕನ ಉಸಿರು ಸೊಂಟದಿಂದ ಏಳುತ್ತಿತ್ತು. ಕೆಳಗಿನ ಹೊಲಿಗೆಗಳು ಬಿಗಿಯುತ್ತಿದ್ದವು, ಭುಜ ಮಾತ್ರ ಅಲುಗದು. ಆಮೇಲೆ ಬಂದವಳು ಗುಬ್ಬಿ. ಸಣ್ಣ ಮೈ, ಸಣ್ಣ ಗಂಟಲು. ಸ್ವರ ಮೇಲೇರದ ಕಡೆಯಲ್ಲೆಲ್ಲ ಮೈಯಿಂದ ಏನಾದರೊಂದು ಮಾಡಿ ದಾಟಿಬಿಡುತ್ತಿದ್ದಳು. ಅವಳ ಉಸಿರೆಲ್ಲ ಭುಜದಲ್ಲಿ. ರೆಕ್ಕೆಮೂಳೆಗಳ ನಡುವಿನ ಒಂದು ಹೊಲಿಗೆ ದಿನಾ ಹರಿಯುತ್ತಿತ್ತು.

"ನಿನ್ನ ಬೆನ್ನಲ್ಲಿ ಇಲಿ ಸಾಕಿದೀಯೇನೇ?" ಎನ್ನುತ್ತಿದ್ದಳು ಸೂಜಿಯಕ್ಕ.

"ನೀನು ದಾರ ಉಳಿಸೋಕೆ ಅಂತ ಸಡಿಲ ಹೊಲೀತೀಯ, ಬೈಗುಳ ನನಗೆ," ಎನ್ನುತ್ತಿದ್ದಳು ಗುಬ್ಬಿ.

ಬೆನ್ನಿಗೆ ಸೂಜಿ ಇರುವಾಗ ಅಲುಗಾಡುವಂತಿಲ್ಲ, ತಿರುಗುವಂತಿಲ್ಲ. ಬಾಯಿಯೊಂದೇ ಸಡಿಲ. ಹೀಗೆ ದಿನಾ ಹೊಲಿಸಿಕೊಳ್ಳುತ್ತಾ ಇಬ್ಬರೂ ಒಡಹುಟ್ಟಿದವರ ಹಾಗಾದರು. ಸೂಜಿಯಕ್ಕನ ಮಗಳಿಗೆ ಗುಬ್ಬಿ ಚಿಕ್ಕಮ್ಮನಾದಳು, ಮಗಳ ಮೊದಲ ಗೆಜ್ಜೆಯೂ ಅವಳ ಉಡುಗೊರೆಯೇ.

ಗುಬ್ಬಿ ಬಸುರಿಯಾದ ಹೊಸದರಲ್ಲಿ ಒಂದು ಸಂಜೆ ಹೊಲಿಸಿಕೊಳ್ಳುತ್ತಾ ಇದ್ದಕ್ಕಿದ್ದಂತೆ ಕೇಳಿದಳು: "ಅಕ್ಕಾ, ಕೂಸಿಗೆ ಏನಾದ್ರೂ ಆಗಿಬಿಟ್ರೆ ಆಮೇಲೆ ಬದುಕಕ್ಕಾಗುತ್ತಾ?"

ಸೂಜಿಯಕ್ಕನ ಕೈ ನಿಂತಿತು. ಎದುರಿಗೆ ಮುಖವಿದ್ದಿದ್ದರೆ ಹೇಳುತ್ತಿರಲಿಲ್ಲ. ಇದ್ದದ್ದು ಬೆನ್ನು. ಹೇಳಿದಳು. ಮಗಳು ಹುಟ್ಟುವುದಕ್ಕೆ ಮುಂಚೆ ಅವಳಿಗೊಂದು ಗಂಡುಕೂಸಿತ್ತು. ಸಂಜೆ ಸಣ್ಣಗೆ ಮೈ ಬೆಚ್ಚಗಾಗಿತ್ತು, ಹಲ್ಲಿನ ಜ್ವರ ಇರಬೇಕು ಎಂದುಕೊಂಡಳು. ಕೂಸಿನ ಹಣೆ ಮುಟ್ಟಿದಾಗ ತನ್ನ ಕೈ ಬಿಸಿಯೋ ಅದರ ಹಣೆ ಬಿಸಿಯೋ ಯಾವ ತಾಯಿಗೆ ತಾನೇ ತಟ್ಟನೆ ತಿಳಿಯುತ್ತದೆ? ಬೆಳಕು ಹರಿಯುವಷ್ಟರಲ್ಲಿ ಆಸ್ಪತ್ರೆ, ಮಧ್ಯಾಹ್ನದಷ್ಟರಲ್ಲಿ ಎಲ್ಲ ಮುಗಿದಿತ್ತು. ಆಮೇಲೂ ಅವಳು ಅವನು ಕುಡಿಯುವ ಹೊತ್ತಿಗೆ ಸರಿಯಾಗಿ ಹಾಲು ಕಾಯಿಸುತ್ತಿದ್ದಳು. ಎಡ ಮಣಿಕಟ್ಟಿಗೆ ಒಂದು ತೊಟ್ಟು ಬಿಟ್ಟು, ಅದನ್ನು ಕೆನ್ನೆಗೆ ಒತ್ತಿ, "ಇನ್ನೂ ಬಿಸಿ" ಎಂದು ಊದುತ್ತಿದ್ದಳು. ಮತ್ತೆ ಒಂದು ತೊಟ್ಟು. ಹಾಲು ನೀರಿನ ಹಾಗೆ ತಣ್ಣಗಾದರೂ "ಇನ್ನೂ ಬಿಸಿ." ಹದವಾಯಿತು ಎಂದುಬಿಟ್ಟರೆ ಯಾರಿಗೆ ಕುಡಿಸುವುದು?

"ಹೀಗೆ ಎಷ್ಟು ದಿನ ಮಾಡಿದ್ನೋ. ಆದ್ರೂ ಬದುಕಿದೀನಿ ನೋಡು," ಎಂದಳು. "ಮಗಳಿಗೂ ಹೇಳಿಲ್ಲ. ನೀನೂ ಯಾರ ಹತ್ರಾನೂ ಬಾಯಿ ಬಿಡಬೇಡ."

"ಹೊಟ್ಟೆ ಮೇಲೆ ಕೈಯಿಟ್ಟು ಹೇಳ್ತೀನಕ್ಕಾ, ಯಾರಿಗೂ ಹೇಳಲ್ಲ." ಗುಬ್ಬಿಯ ಬೆನ್ನು ನಡುಗಿ ಅಂದು ಹೊಲಿಗೆ ರಂಗಕ್ಕೆ ಹೋಗುವ ಮುಂಚೆಯೇ ಹರಿಯಿತು.

ಬಾಣಂತನ ಮುಗಿಸಿ ಬಂದ ಗುಬ್ಬಿ ಒಂದು ಸಣ್ಣ ಬದಲಾವಣೆ ಕೇಳಿದಳು. ನಿಲುವಂಗಿಯ ಎಡತೋಳನ್ನು ನಾಲ್ಕು ಬೆರಳು ಮೇಲಕ್ಕೆ ಮಡಚಿ ಹೊಲಿಯಬೇಕಂತೆ, ಲಾಂದ್ರಕ್ಕೆ ಸಿಕ್ಕಿಕೊಳ್ಳುತ್ತದಂತೆ. ಸೂಜಿಯಕ್ಕ ಮಡಚಿ ಹೊಲಿದಳು. ಆ ಸಲದ ಆಟದಲ್ಲಿ ಕೊನೆಯ ಹಾಡಿನ ನಡುವೆ ವಾದ್ಯಗಳೆಲ್ಲ ನಿಂತು ಒಂದು ಉದ್ದ ಮೌನ ಬಂತು. ಹಿಂಪರದೆಯ ಸೀಳಿನಿಂದ ಇವಳಿಗೆ ಗುಬ್ಬಿಯ ಭುಜ ಕಲ್ಲಿನಂತೆ ನಿಂತದ್ದು ಕಂಡಿತು, ಸಭೆಯಲ್ಲಿ ಮೂಗು ಸೇದುವ ಸದ್ದು ಕೇಳಿತು.

"ಆ ಮೌನ ಇದೆಯಲ್ಲ, ದೊಡ್ಡಕ್ಕನಿಗೂ ಆಗಿರ್ಲಿಲ್ಲ ಕಣೇ," ಎಂದು ದಾರ ಕತ್ತರಿಸುತ್ತಾ ಹೊಗಳಿದಳು. ಗುಬ್ಬಿ ಯಾಕೋ ಮಾತು ಬದಲಿಸಿದಳು.

ಊರಲ್ಲಿ "ದೊಡ್ಡಕ್ಕನ ಗಂಟಲು, ಗುಬ್ಬಿಯ ಮಣಿಕಟ್ಟು" ಎಂಬ ಮಾತು ಹುಟ್ಟಿತು. ಲಾಂದ್ರ ಹಿಡಿಯುವ ಬೆಡಗು ಇರಬೇಕು ಎಂದು ಸೂಜಿಯಕ್ಕ ತಿಳಿದುಕೊಂಡಳು. ತಾನು ಮಡಚಿದ ತೋಳಿಗೂ ಅದರಲ್ಲೊಂದು ಪಾಲು ಇದೆಯೆಂದು ಒಳಗೊಳಗೇ ಹಿಗ್ಗಿದಳು ಕೂಡ.

ವರ್ಷಗಳು ಕಳೆದವು. ಸೂಜಿಯಕ್ಕನ ಗಂಡ ತೀರಿಕೊಂಡ. ಅವಳ ಬೆರಳುಗಳು ಸೆಟೆದುಕೊಂಡು ದಾರ ಪೋಣಿಸುವುದು ಕಷ್ಟವಾಯಿತು, ಕೆಲಸ ಬಿಟ್ಟಳು. ಮಗಳಿಗೆ ಮಗುವಾಯಿತು. ಅದೇ ಹೊತ್ತಿಗೆ ಕಂಪನಿ ಹೊಸ ಹುಡುಗಿಯೊಬ್ಬಳಿಗೆ ಲಾಂದ್ರ ಕೊಟ್ಟಿತು. ಆಟ ಶುರುವಾಗುವ ಮುಂಚೆ ಒಂದು ಭಾನುವಾರ ಮಧ್ಯಾಹ್ನ ದೊಡ್ಡಕ್ಕ, ಗುಬ್ಬಿ, ಈ ಹುಡುಗಿ ಮೂವರೂ ಒಬ್ಬರಾದ ಮೇಲೊಬ್ಬರು ಕೊನೆಯ ಹಾಡು ಹಾಡುತ್ತಾರೆ ಎಂದು ಸಾರಿದರು. ಸೂಜಿಯಕ್ಕನಿಗೆ ಮುಂದಿನ ಸಾಲಿನಲ್ಲೇ ಕುರ್ಚಿ. ಮಗುವನ್ನು ಅಳಿಯನ ಕೈಗೆ ಕೊಟ್ಟು ಮಗಳೂ ಜೊತೆಗೆ ಬಂದಳು.

ಜನ ಕೂರುವ ಕಡೆ ಕೂತು ಆ ಹಾಡನ್ನು ನೋಡುತ್ತಿದ್ದದ್ದು ಜನ್ಮದಲ್ಲಿ ಅದೇ ಮೊದಲು. ದೊಡ್ಡಕ್ಕ ಕೋಲೂರಿಕೊಂಡು ಬಂದಳು. ಗಂಟಲು ಒಡೆದಿತ್ತು. ಮುಖದಲ್ಲಿ ಏನೂ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಸೊಂಟದಿಂದ ಎದ್ದ ಉಸಿರೇ ಎಲ್ಲವನ್ನೂ ಹೇಳಿತು. ಸೂಜಿಯಕ್ಕ ಮನಸಾರೆ ಚಪ್ಪಾಳೆ ತಟ್ಟಿದಳು.

ಆಮೇಲೆ ಗುಬ್ಬಿ. ಹಾಡು ಅರ್ಧಕ್ಕೆ ಬಂದಾಗ ವಾದ್ಯಗಳು ನಿಂತವು. ಗುಬ್ಬಿ ಲಾಂದ್ರ ಕೆಳಗಿಟ್ಟಳು. ಬಲಗೈಯಲ್ಲಿ ಇಲ್ಲದ ಬಾಟಲಿಯೊಂದನ್ನು ಹಿಡಿದು ಬಗ್ಗಿಸಿದಳು. ಬೆತ್ತಲೆ ಎಡ ಮಣಿಕಟ್ಟಿನ ಮೇಲೆ ಒಂದು ತೊಟ್ಟು. ಮಣಿಕಟ್ಟನ್ನು ಕೆನ್ನೆಗೆ ಒತ್ತಿದಳು. ಸದ್ದಿಲ್ಲದೆ ತುಟಿ ಅಲುಗಿತು: ಇನ್ನೂ ಬಿಸಿ. ಊದಿದಳು. ಮತ್ತೆ ಒಂದು ತೊಟ್ಟು.

ಸೂಜಿಯಕ್ಕನಿಗೆ ಮೊದಲು ಅರ್ಥವೇ ಆಗಲಿಲ್ಲ. ಸಂತೆಯಲ್ಲಿ ಯಾರೋ ನಮ್ಮ ಮನೆಯ ಪಾತ್ರೆ ಹಿಡಿದು ಹೋಗುತ್ತಿದ್ದರೆ, ಅರೆ, ಇಂಥದ್ದೇ ನಮ್ಮಲ್ಲೂ ಒಂದಿದೆ ಅನ್ನಿಸುತ್ತದಲ್ಲ, ಹಾಗೆ. ಆಮೇಲೆ ಗೊತ್ತಾಯಿತು. ತೋಳನ್ನು ಮೇಲಕ್ಕೆ ಮಡಚಿದ್ದು ಇದಕ್ಕೆ. ಮಡಚಿದವಳು ತಾನೇ.

"ಅಮ್ಮಾ, ಇದೆಲ್ಲ ಹೇಗೆ ಹೊಳೆಯುತ್ತಮ್ಮ ಚಿಕ್ಕಮ್ಮಂಗೆ?" ಮಗಳು ಕಣ್ಣೊರೆಸಿಕೊಳ್ಳುತ್ತಾ ಪಿಸುಗುಟ್ಟಿದಳು.

ಗುಬ್ಬಿ ಹೋದ ಮೇಲೆ ಹೊಸ ಹುಡುಗಿ ಬಂದಳು. ಅವಳೂ ಲಾಂದ್ರ ಕೆಳಗಿಟ್ಟಳು, ಅವಳೂ ತೊಟ್ಟು ಬಿಟ್ಟಳು. ಹಿಂದಿನ ಸಾಲಿನ ಗಂಡಸೊಬ್ಬ ಪಕ್ಕದವನಿಗೆ ಹೇಳುತ್ತಿದ್ದ: "ಇವಳು ಕೆನ್ನೆಗೆ ಬೇಗ ಒತ್ತಿಬಿಟ್ಟಳು ನೋಡಿ. ಗುಬ್ಬಿ ಸ್ವಲ್ಪ ತಡೆದು ಒತ್ತೋಳು. ಮಜಾ ಇರೋದೇ ಆ ತಡೆಯೋದ್ರಲ್ಲಿ."

ಆಟ ಮುಗಿದ ಕೂಡಲೇ ಮಗಳನ್ನು ಬಾಗಿಲಲ್ಲಿ ನಿಲ್ಲಿಸಿ ಸೂಜಿಯಕ್ಕ ಮೆಟ್ಟಿಲಿಳಿದಳು. ಉಡುಪಿನ ಕೋಣೆಯಲ್ಲಿ ಗುಬ್ಬಿ ಒಬ್ಬಳೇ, ಬೆನ್ನು ಬಿಡಿಸುವವರಿಗಾಗಿ ಕಾಯುತ್ತಾ ನಿಂತಿದ್ದಳು. ಕನ್ನಡಿಯಲ್ಲಿ ಇವಳ ಮುಖ ಕಂಡಿತು. ಎಂದಾದರೊಮ್ಮೆ ಈ ಗಳಿಗೆ ಬರುತ್ತದೆಂದು ಅವಳಿಗೆ ಗೊತ್ತಿತ್ತೇನೋ.

"ನೋಡಿದ್ಯಾ ಅಕ್ಕಾ?"

"ಎದುರಿಂದ ನೋಡಿದೆ."

"ನಾನು ಯಾರಿಗೂ ಹೇಳ್ಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡೆ. ಎಲ್ಲಿಂದ ಬಂತು ಅಂತ ಆ ಹುಡುಗಿಗೂ ಹೇಳಿಲ್ಲ."

"ಹೇಳಿಬಿಟ್ಟಿದ್ರೆ ಒಬ್ಬರಿಗೋ ಇಬ್ಬರಿಗೋ ಗೊತ್ತಾಗ್ತಿತ್ತು. ನೀನು ಊರಿಗೆಲ್ಲ ಟಿಕೆಟ್ ಹರಿದು ತೋರಿಸಿದೆಯಲ್ಲೇ."

ಗುಬ್ಬಿಯ ಕಣ್ಣು ತುಂಬಿತು. ಅದೂ ನಿಜವೋ ನಟನೆಯೋ ಎಂಬ ಅನುಮಾನ ಸೂಜಿಯಕ್ಕನಿಗೆ ಮೊದಲ ಬಾರಿ ಬಂತು. ಹಾಗೆ ಬಂದದ್ದಕ್ಕೇ ಅವಳಿಗೆ ಹೆಚ್ಚು ನೋವಾಯಿತು.

"ನನ್ನ ಗಂಟಲು ಎಷ್ಟು ಅಂತ ನಿನಗೆ ಗೊತ್ತಿಲ್ವಾ?" ಎಂದಳು ಗುಬ್ಬಿ. "ದೊಡ್ಡಕ್ಕನ ಮುಂದೆ ನನ್ನನ್ನ ನಿಲ್ಲಿಸಿ ಜನ ಹೇಗೆ ಆಡಿಕೊಳ್ತಿದ್ರು! ನನ್ನ ಹತ್ರ ಬೇರೆ ಏನಿತ್ತಕ್ಕಾ? ಹೋಗ್ಲಿ, ನಿನ್ನ ಕೂಸಿಗಾಗಿ ನೀನೊಬ್ಬಳೇ ಅತ್ತಿದ್ದೆ. ಈಗ ಎಷ್ಟು ಜನ ಅತ್ತಿದಾರೆ!"

"ಜನರನ್ನ ಅಳಿಸು ಅಂತ ನಿನ್ನನ್ನ ಕೇಳಿದ್ದು ಯಾರು? ತೆಗೆದುಬಿಡು ಅದನ್ನ. ಆ ಹುಡುಗಿಗೆ ಬೇಡ ಅನ್ನು."

"ಅದು ಈಗ ನನ್ನ ಕೈಲಿಲ್ಲ. ಅದಿಲ್ಲದಿದ್ರೆ ಜನ ಪಾತ್ರಾನೇ ಅಲ್ಲ ಅಂತಾರೆ."

ಸೂಜಿಯಕ್ಕ ಮೇಜಿನ ಮೇಲಿದ್ದ ಕತ್ತರಿ ಎತ್ತಿಕೊಂಡಳು, ಗುಬ್ಬಿಯ ಹಿಂದೆ ಹೋಗಿ ನಿಂತಳು. ಬೇರೆ ಯಾರದೋ ಹೊಲಿಗೆ, ಒರಟಾಗಿತ್ತು. ರೆಕ್ಕೆಮೂಳೆಗಳ ನಡುವೆ ಒಂದು ಹರಿದಿತ್ತು. ಅಭ್ಯಾಸಬಲದಿಂದ ಕೈ ಅಲ್ಲಿಗೇ ಹೋಯಿತು. ಹೋದ ಕೈಯನ್ನು ಹಿಂದೆಳೆದುಕೊಂಡು ಕತ್ತರಿಯನ್ನು ಇದ್ದಲ್ಲೇ ಇಟ್ಟಳು. "ಹೊಲಿದವರೇ ಬಿಡಿಸ್ತಾರೆ" ಎಂದು ಮೆಟ್ಟಿಲು ಹತ್ತಿದಳು. ಹಿಂದಿನಿಂದ "ಅಕ್ಕಾ" ಎಂದದ್ದು ಕೇಳಿಸಿತು, ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ ಮೊಮ್ಮಗು ಹಸಿದು ಅಳುತ್ತಿತ್ತು. ಮಗಳು ಸ್ನಾನ ಮಾಡಿ ತಲೆ ಒರೆಸಿಕೊಳ್ಳುತ್ತಿದ್ದಳು. ಸೂಜಿಯಕ್ಕ ಹಾಲು ಬೆಚ್ಚಗೆ ಮಾಡಿ ಬಾಟಲಿಗೆ ತುಂಬಿ, ಯೋಚನೆಯಿಲ್ಲದೆ ಮಣಿಕಟ್ಟಿಗೆ ಒಂದು ತೊಟ್ಟು ಬಿಟ್ಟಳು, ಕೆನ್ನೆಗೆ ಒತ್ತಿದಳು.

"ಅಯ್ಯೋ, ಥೇಟ್ ಗುಬ್ಬಿ ಚಿಕ್ಕಮ್ಮನ ಥರಾನೇ!" ಮಗಳು ನಕ್ಕಳು. "ನಿನ್ನೆ ನೋಡಿ ಬಂದಿದ್ದೇ ತಡ, ಶುರು ಹಚ್ಕೊಂಡ್ಯಾ?"

ಕೈ ಅಲ್ಲೇ ನಿಂತಿತು. ಹಾಲು ಹದವಾಗಿದೆಯೋ ಇಲ್ಲವೋ ಚರ್ಮಕ್ಕೆ ತಿಳಿಯಲೇ ಇಲ್ಲ. ಯಾರೋ ಎದುರಿಗೆ ಕೂತು ತೂಗುತ್ತಿದ್ದಾರೆ ಅನ್ನಿಸಿತು, ಬೇಗ ಒತ್ತಿದೆನೋ ತಡೆದು ಒತ್ತಿದೆನೋ ಎಂದು.

"ನಾನಲ್ಲ ಅವಳ ಥರ. ಅವಳು ನನ್ನ ಥರ," ಎಂದಳು.

"ಆಹಾ! ಇನ್ನೇನು, ಲಾಂದ್ರಾನೂ ನಿಂದೇ ಅನ್ನು."

"ನಿನಗಿಂತ ಮುಂಚೆ ನನಗೊಂದು ಗಂಡುಕೂಸಿತ್ತು. ನಿನ್ನಣ್ಣ," ಎಂದಳು ಸೂಜಿಯಕ್ಕ. ಉಳಿದದ್ದನ್ನು ಬಾಟಲಿಯ ಕಡೆ ನೋಡುತ್ತಲೇ ಹೇಳಿ ಮುಗಿಸಿದಳು.

ಮಗಳು ಟವೆಲ್ ಹಿಡಿದುಕೊಂಡು ನಿಂತೇ ಇದ್ದಳು. ಮಗು ಕಿರುಚುತ್ತಿತ್ತು. ಓಡಿಬಂದು ತಬ್ಬಿಕೊಳ್ಳುತ್ತಾಳೆ ಎಂದು ಸೂಜಿಯಕ್ಕ ಎಣಿಸಿದ್ದಳು.

"ಚಿಕ್ಕಮ್ಮಂಗೆ ಯಾವಾಗ ಹೇಳಿದೆ?"

"ನೀನಿನ್ನೂ ಚಿಕ್ಕವಳಿದ್ದೆ ಕಣೇ."

"ನನ್ನ ಮಗೂಗೆ ಮೊನ್ನೆ ಜ್ವರ ಬಂದಾಗ ಎದೆ ಒಡೆದುಕೊಂಡು ನಿನ್ನ ಪಕ್ಕಾನೇ ಕೂತಿದ್ದೆನಲ್ಲಮ್ಮ, ಆಗ್ಲೂ ಹೇಳ್ಲಿಲ್ಲ," ಎಂದಳು ಮಗಳು. ಅವಳ ದನಿ ಗಟ್ಟಿಯಾಗಿರಲಿಲ್ಲ. "ಊರಿಗೆ ಊರೇ ನನ್ನ ಅಣ್ಣನಿಗೆ ಅತ್ತಿದೆ. ನಾನೂ ನಿನ್ನೆ ಅತ್ತೆ, ಯಾರಿಗೆ ಅಂತ ಗೊತ್ತಿಲ್ದೆ."

ಸೂಜಿಯಕ್ಕನ ಕೈಯಿಂದ ಬಾಟಲಿ ತೆಗೆದುಕೊಂಡು, ಒಂದು ತೊಟ್ಟನ್ನು ಮಣಿಕಟ್ಟಿಗಲ್ಲ, ನಾಲಿಗೆಗೆ ಬಿಟ್ಟುಕೊಂಡು ನೋಡಿ, ಮಗಳು ಮಗುವನ್ನೆತ್ತಿ ಕಿಟಕಿಯ ಕಡೆ ತಿರುಗಿ ಕೂತಳು. ಸೂಜಿಯಕ್ಕನಿಗೆ ಕಂಡದ್ದು ಬೆನ್ನು. ಉಸಿರು ಸೊಂಟದಿಂದ ಏಳುತ್ತಿದೆಯೋ ಭುಜದಿಂದಲೋ ಎಂದು ಅವಳು ಬಹಳ ಹೊತ್ತು ನೋಡಿದಳು.