ಗೋಲ್‌ಕೀಪರನ ಎಡಗೈ

ಪಾರ್ಸೆಲ್ ಗೋದಾಮಿನಲ್ಲಿ ಮೂರು ವರ್ಷದಿಂದ ಪೆಟ್ಟಿಗೆ ಹೊರುತ್ತಿದ್ದ ಇವನು ಸಿನಿಮಾ ನಾಯಕನಾದದ್ದು ಪ್ರತಿಭೆಯಿಂದಲ್ಲ, ಉದ್ದದಿಂದ. ಗೋಲ್‌ಕೀಪರ್ ಪಾತ್ರಕ್ಕೆ ಎತ್ತರದ ಆಳು ಬೇಕಿತ್ತು. ನಟನೆ ಬಾರದಿದ್ದರೂ ಚಿಂತೆಯಿಲ್ಲ, ಮುಖಕ್ಕೆ ಚೆಂಡು ಬಡಿದರೆ ತಾನಾಗಿ ಬರುತ್ತದೆ ಎಂದಿದ್ದ ಡೈರೆಕ್ಟರ್. ಅವನು ವಾರವಿಡೀ ಕನ್ನಡಕದಂಗಡಿಯಲ್ಲಿ ಜನರ ಮೂಗಿನ ಅಳತೆ ತೆಗೆಯುವವನು. ಕ್ಯಾಮರಾದವನದು ಮದುವೆ ವಿಡಿಯೋ ಕೆಲಸ. ಹಾಗಾಗಿ ಚಿತ್ರೀಕರಣ ಭಾನುವಾರ ಮಾತ್ರ, ಅದೂ ಯಾರೂ ಮದುವೆಯಾಗದ ಭಾನುವಾರ.

ಮೊದಲ ದಿನವೇ ಇವನು ಗೋಲ್ ಕಂಬಕ್ಕೆ ಡಿಕ್ಕಿ ಹೊಡೆದು ಎಡಗೈ ಮುರಿದುಕೊಂಡ. ಎಲ್ಲರೂ ಅಯ್ಯೋ ಎಂದರೆ ಡೈರೆಕ್ಟರ್ ಕಣ್ಣರಳಿಸಿದ. "ಕೈ ಮುರಿದ ಗೋಲ್‌ಕೀಪರ್! ಮಗಾ, ಕಥೆ ಸಿಕ್ತು ಕಣೋ!" ತಂಡದ ಹತ್ತೂ ಆಟಗಾರರು ಪ್ಲಾಸ್ಟರಿನ ಮೇಲೆ ಸಹಿ ಹಾಕುವ ದೃಶ್ಯವೂ ಹುಟ್ಟಿಕೊಂಡಿತು.

ಆರು ವಾರಕ್ಕೆ ಕೈ ಕೂಡಿಕೊಂಡಿತು, ಸಿನಿಮಾ ಕೂಡಿಕೊಳ್ಳಲಿಲ್ಲ. ಪ್ರತಿ ಶಾಟಿನಲ್ಲೂ ಸಹಿಗಳು ಇದ್ದಲ್ಲೇ ಇರಬೇಕಲ್ಲ! ಆಸ್ಪತ್ರೆಯಲ್ಲಿ ಡ್ರೆಸ್ಸಿಂಗ್ ಮಾಡುವ ಇವನ ಅಕ್ಕ ಪ್ಲಾಸ್ಟರನ್ನು ಉದ್ದುದ್ದ ಎರಡು ಹೋಳು ಮಾಡಿ ಜೋಪಾನವಾಗಿ ತೆಗೆದಳು. ಅಂದಿನಿಂದ ಪ್ರತಿ ಚಿತ್ರೀಕರಣಕ್ಕೂ ಆ ಚಿಪ್ಪಿನೊಳಗೆ ಕೈಯಿಟ್ಟು ಬಟ್ಟೆ ಬಿಗಿಯುವುದು, ಸಂಜೆ ಬಿಚ್ಚುವುದು. ಹದಿನಾಲ್ಕು ತಿಂಗಳು ಹೀಗೇ ನಡೆಯಿತು.

ಉಳಿದದ್ದು ಒಂದೇ ಶಾಟ್, ಪೆನಾಲ್ಟಿ ತಡೆಯುವುದು. ಮೂರನೇ ಜಿಗಿತಕ್ಕೆ ಚಿಪ್ಪು ಬಾಯಿಬಿಟ್ಟಿತು. ಡೈರೆಕ್ಟರ್ ಕನ್ನಡಕದ ಫ್ರೇಮಿಗೆ ಹಾಕುವ ಅಂಟನ್ನು ಜೇಬಿನಿಂದ ತೆಗೆದು, ಕೈ ಒಳಗಿರುವಾಗಲೇ ಬಿರುಕಿಗೆ ಸುರಿದ. ಚಿಪ್ಪು ಕಲ್ಲಾಯಿತು, ಕೈ ಒಳಗೇ ಸಿಕ್ಕಿಕೊಂಡಿತು. ಅಷ್ಟರಲ್ಲಿ ಮೋಡ ಕವಿದು ಬೆಳಕು ಕೈಕೊಟ್ಟಿತು, ಶಾಟ್ ಮುಂದಿನ ಭಾನುವಾರಕ್ಕೆ ಹೋಯಿತು.

ಮರುದಿನ ಬೆಳಿಗ್ಗೆಯೇ ಗೋದಾಮಿನಲ್ಲಿ ಡ್ರೈವಿಂಗ್ ಪರೀಕ್ಷೆ. ಪಾಸಾದರೆ ಹೊರುವವನು ವ್ಯಾನ್ ಓಡಿಸುವವನಾಗುತ್ತಾನೆ. ಇಲ್ಲದಿದ್ದರೆ ಇನ್ನೊಂದು ವರ್ಷ ಬೆನ್ನೇ ಗತಿ.

ಆ ರಾತ್ರಿಯೇ ಅಕ್ಕ ಆಸ್ಪತ್ರೆಯ ಗರಗಸ ಹಿಡಿದು ನಿಂತಳು. "ಕೊಯ್ದರೆ ಚೂರುಚೂರಾಗತ್ತೆ. ಹೇಳು, ಕೊಯ್ಲಾ?"

ಓಡೋಡಿ ಬಂದಿದ್ದ ಡೈರೆಕ್ಟರ್ ಅಡ್ಡ ನಿಂತ. "ಅಕ್ಕಾ, ಕೈ ಮುಗೀತೀನಿ. ಒಂದೇ ಒಂದು ವಾರ!"

"ನಿನ್ನ ಕೈ ನೆಟ್ಟಗಿದೆ, ಮುಗೀತೀಯ. ಹೊಸದು ಮಾಡಿ ಸಹಿ ಹಾಕಿಸೋಕೇನು ರೋಗ?"

"ಮೂರು ಜನ ಊರು ಬಿಟ್ಟಿದಾರೆ. ಒಬ್ಬ ನನ್ನ ಜೊತೆ ಮಾತೇ ಬಿಟ್ಟಿದಾನೆ."

"ಇರಲಿ ಬಿಡಕ್ಕ," ಎಂದ ಇವನು. "ಒಂದೇ ಕೈಲಿ ಓಡಿಸ್ತೀನಿ."

ಆಡಿದ ಮೇಲೆ ಗೊತ್ತಾಯಿತು, ಅದು ತೆರೆಯ ಮೇಲಿನ ಗೋಲ್‌ಕೀಪರನ ಧಾಟಿ. ಗೋದಾಮಿನ ಕೂಲಿಯವನ ಬಾಯಲ್ಲಿ ಅಂಥ ಮಾತು ಬರಬಾರದು.

ವ್ಯಾನಿನ ಬಾಗಿಲಲ್ಲೇ ಸೂಪರ್‌ವೈಸರ್ ತಡೆದ. "ಏನಯ್ಯಾ ಇದು?"

"ಕೈ ಸರಿಯಾಗಿದೆ ಸಾರ್. ಪ್ಲಾಸ್ಟರ್ ಮಾತ್ರ ಸುಳ್ಳು."

"ಹಾಗಾದ್ರೆ ತೆಗಿ."

"ತೆಗೆಯೋಕಾಗಲ್ಲ ಸಾರ್."

"ಗೇರ್ ಏನು ಹಲ್ಲಲ್ಲಿ ಹಾಕ್ತೀಯಾ? ಮುಂದಿನ ವರ್ಷ ಬಾ, ಹೋಗು." ಪಟ್ಟಿಯಲ್ಲಿ ಇವನ ಹೆಸರಿನ ಮೇಲೆ ಗೆರೆ ಬಿತ್ತು.

ಗೇಟಿನ ಹತ್ತಿರ ಕಾಯುತ್ತಿದ್ದ ಅಕ್ಕನಿಗೆ ಮುಖ ನೋಡಿಯೇ ವಿಷಯ ತಿಳಿಯಿತು. "ಈಗಲಾದ್ರೂ ಕೊಯ್ಲೇನೋ? ಇನ್ನೇನಿದೆ ಉಳಿಸ್ಕೊಳ್ಳೋಕೆ?"

"ಇನ್ನು ಇದೊಂದೇ ತಾನೆ ಇರೋದು," ಎಂದ.

ಪಾಳಿಯ ಗಂಟೆ ಹೊಡೆಯಿತು. ಸಮವಸ್ತ್ರದ ಅಂಗಿ ಪ್ಲಾಸ್ಟರಿನ ಮೇಲೆ ಹತ್ತಲೊಲ್ಲದು. ಅಕ್ಕ ಗೊಣಗುತ್ತಲೇ ಚೀಲದಿಂದ ಕತ್ತರಿ ತೆಗೆದು ಅಂಗಿಯ ಎಡತೋಳನ್ನು ಭುಜದವರೆಗೆ ಸೀಳಿದಳು. ಇವನು ಅದನ್ನು ಹಾಕಿಕೊಂಡು, ಒಂದು ಕೈಗೆ ಆಗುವಂಥ ಪೆಟ್ಟಿಗೆಗಳನ್ನು ಹುಡುಕುತ್ತಾ ಒಳಗೆ ಹೋದ.