ಬಲೆಗೆ ಬಂದ ಸೂತಕ

ಹೋದ ವಾರ ಪಕ್ಕದ ಮನೆಯವರು ಹಲ್ಲುನೋವಿಗೆಂದು ಜಾಲಿ ತೊಗಟೆ ಕುದಿಸಿದರು. ಒಗರು ವಾಸನೆ ಗೋಡೆ ದಾಟಿ ಬಂತು. ಐದಕ್ಕೆ ಏಳುವುದು, ಆರಕ್ಕೆ ಅಂಗಳ ಗುಡಿಸುವುದು, ಏಳಕ್ಕೆ ಚಹಾ; ಸಿಂದಗಿಯ ಈ ಮನೆಗೆ ಬಂದ ಮೇಲೆ ಈ ಕ್ರಮ ತಪ್ಪಿದ್ದಿಲ್ಲ. ಆ ದಿನ ಮಾತ್ರ ಚಹಾ ಆರಿಹೋಯಿತು. ನಾನು ಆಲಮೇಲದ ಆಚೆ, ಭೀಮೆಯ ದಂಡೆಯ ನಮ್ಮ ಅಂಗಳದಲ್ಲಿದ್ದೆ. ಅಲ್ಲಿ ದೊಡ್ಡ ಹಂಡೆಯಲ್ಲಿ ಇದೇ ತೊಗಟೆ ಕುದಿಯುತ್ತಿತ್ತು. ನಮ್ಮಜ್ಜ, ಮುತ್ಯಾ, ನೂಲಿನ ಬಲೆಯನ್ನು ಕೋಲಿನಿಂದ ಒತ್ತಿ ಅದರಲ್ಲಿ ಮುಳುಗಿಸುತ್ತಿದ್ದ. ಹಾಗೆ ಮಾಡಿದರೆ ನೂಲು ಬೇಗ ಕೊಳೆಯುವುದಿಲ್ಲ. ಕಂದು ಬಣ್ಣಕ್ಕೆ ತಿರುಗಿದ ಬಲೆ ಬೇವಿನ ಟೊಂಗೆಗಳ ಮೇಲೆ ಎರಡು ದಿನ ಒಣಗುತ್ತಿತ್ತು, ಅಂಗಳವೆಲ್ಲ ಘಮ್ಮೆನ್ನುತ್ತಿತ್ತು. ನಿಮಗೂ ಇಂಥ ಒಂದು ವಾಸನೆ ಇರಬೇಕು, ಮನೆ ಬಿದ್ದುಹೋದ ಮೇಲೂ ಅದರ ಬಾಗಿಲು ತೆರೆಯುವಂಥದು.

ನಾವು ಅಂಬಿಗರು. ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇತ್ತು: ಬಲೆಯಲ್ಲಿ ನೀರುಕಾಗೆ ಸಿಕ್ಕು ಸತ್ತರೆ ಬಲೆಗೆ ಮೂರು ದಿನ ಸೂತಕ. ಮೀನಿನ ಬೆನ್ನುಹತ್ತಿ ಮುಳುಗುವ ಹಕ್ಕಿ ಅದು. ಬಲೆಯ ಕಣ್ಣಿಯಲ್ಲಿ ಸಿಕ್ಕಿಕೊಂಡರೆ ಮೇಲೆ ಬರಲಾರದೆ ಉಸಿರುಗಟ್ಟಿ ಸಾಯುತ್ತದೆ. ಅದನ್ನು ದಂಡೆಯ ಮರಳಿನಲ್ಲಿ ಹುಗಿದು, ಆ ದಿನದ ಮೀನನ್ನೆಲ್ಲ ಹೊಳೆಗೇ ಬಿಟ್ಟು, ಬಲೆಯನ್ನು ಬೇವಿನ ಗಿಡಕ್ಕೆ ಏರಿಸುತ್ತಿದ್ದರು. ಪಡಸಾಲೆಯ ಗೋಡೆಗೆ ಇದ್ದಿಲಿನಿಂದ ಮೂರು ಗೆರೆ ಎಳೆದು ದಿನಕ್ಕೊಂದು ಅಳಿಸುವುದು ನನ್ನ ಕೆಲಸ. ಒಂಬತ್ತು ವರ್ಷದವಳಿಗೆ ಅದು ದೊಡ್ಡ ಅಧಿಕಾರ. ಮೂರನೆಯ ಗೆರೆ ಅಳಿಸುವ ತನಕ ಯಾರೂ ಹರಗೋಲು ಮುಟ್ಟುವಂತಿರಲಿಲ್ಲ. ದಪ್ಪ ನೂಲು ನೀರಿನಲ್ಲಿ ಹಕ್ಕಿಗೆ ಕಾಣುತ್ತಿತ್ತು. ವರ್ಷಕ್ಕೆ ಒಂದೋ ಎರಡೋ ಸಲ ಗೆರೆ ಬೀಳುತ್ತಿತ್ತು, ಅಷ್ಟೆ.

ನೂಲಿನ ಬಲೆ ಹರಿದು ಚಿಂದಿಯಾದಾಗ ಕಾಕಾ ಸೊಲ್ಲಾಪುರದಿಂದ ನೈಲಾನ್ ಬಲೆ ತಂದ. ತೊಗಟೆ ಬೇಡ, ಒಣಗಿಸುವುದು ಬೇಡ. ನೀರಿಗೆ ಬಿಟ್ಟರೆ ಇಲ್ಲವೇ ಇಲ್ಲ ಅನ್ನುವಷ್ಟು ತೆಳು. ಮೀನು ಹೆಚ್ಚು ಬಿದ್ದವು. ಹಕ್ಕಿಗಳೂ ಬಿದ್ದವು. ಗೆರೆ ಅಳಿಸಿ ಬಲೆ ಇಳಿಸಿದ ಮಾರನೆಯ ಬೆಳಿಗ್ಗೆಯೇ ಮತ್ತೆ ಮೂರು ಗೆರೆ. ಹರಗೋಲು ದಂಡೆಯ ಮೇಲೆ ಬೋರಲು ಬಿದ್ದಿತ್ತು, ರೊಟ್ಟಿಗೆ ಬರೀ ಖಾರ ಉಳಿಯಿತು.

“ಕಾಗಿ ಸತ್ರ ನಮಗ್ಯಾಕ ಯಪ್ಪಾ ಸೂತಕ? ಅದೇನು ನಿನ್ನ ಅಣ್ತಮ್ಮೇನು?” ಎಂದು ಕಾಕಾ ಒಂದು ದಿನ ಕೇಳಿಯೇಬಿಟ್ಟ.

“ಹೌದಲೇ. ನೀರಾಗ ಮುಣಗಿ ಮೀನ ಹಿಡೀತೈತಿ. ನಿನಗಿಂತ ಚಲೋ ಅಂಬಿಗ ಅದು,” ಎಂದ ಮುತ್ಯಾ.

“ಹಂಗಾರ ಕರದು ಊಟಕ್ಕ ಕುಂದರಿಸು. ನಮ್ಮ ಒಲಿ ಮ್ಯಾಲ ಏನೈತಿ ಅಂತ ಅದೂ ನೋಡ್ಲಿ.”

ನಮ್ಮಜ್ಜಿ, ಆಯಿ, ನಕ್ಕಳು. ಆಮೇಲೆ, “ಮೂರ ಗೆರಿ ಬ್ಯಾಡ, ಒಂದ ಸಾಕು. ಹಸಿವು ದೇವರಿಗೂ ಗೊತ್ತೈತಿ,” ಎಂದಳು. ಮೂರು ಗೆರೆ ಒಂದಾಯಿತು. ಆದರೂ ವಾರದಲ್ಲಿ ಬಲೆ ನೀರಿಗಿಳಿಯುವ ದಿನ ಕಡಿಮೆಯೇ.

ಹೀಗಿರುವಾಗ ನಮ್ಮಕ್ಕನನ್ನು ನೋಡಲು ಝಳಕಿಯಿಂದ ಮಂದಿ ಬರುವವರಿದ್ದರು. ಆ ಬೆಳಿಗ್ಗೆ ಬಲೆಯ ತುಂಬ ಮೀನು, ನಡುವೆ ಒಂದು ನೀರುಕಾಗೆ. ಆಯಿ ಕಣ್ಣಿ ಬಿಡಿಸಿ ಅದನ್ನು ನನ್ನ ಕೈಗಿಟ್ಟಳು. “ಮುತ್ಯಾ ಬರೂದ್ರಾಗ ಕಬ್ಬಿನಾಗ ಒಗದು ಬಾ.” ತಣ್ಣಗಿನ ಕೊರಳು ನನ್ನ ಮುಂಗೈ ಮೇಲೆ ಜೋತುಬಿದ್ದಿತ್ತು, ಹಸಿರು ಕಣ್ಣು ತೆರೆದೇ ಇತ್ತು. ಒಗೆದು ಬಂದೆ, ಕೈ ತೊಳೆದೆ.

“ಬಲ್ಯಾಗ ಏನರ ಬಿದ್ದಿತ್ತೇನವ್ವಾ?” ಎಂದು ಮುತ್ಯಾ ಕೇಳಿದ.

“ಮೀನಷ್ಟ ಮುತ್ಯಾ.”

ಅವನು ಬಗ್ಗಿ, ನನ್ನ ಲಂಗದ ಅಂಚಿಗೆ ಅಂಟಿದ್ದ ಕರಿಯ ಗರಿಯೊಂದನ್ನು ತೆಗೆದುಕೊಂಡ. ಬಯ್ಯಲಿಲ್ಲ. ಒಲೆಯ ಬದಿಯ ಇದ್ದಿಲು ಎತ್ತಿ, ಗೋಡೆಯ ಮೇಲೆ ತಾನೇ ಮೂರು ಗೆರೆ ಎಳೆದ. ಬಂದವರು ಉಂಡರು, ಹೊಗಳಿದರು, ಮದುವೆ ಗೊತ್ತಾಯಿತು. ಮುತ್ಯಾ ಬರೀ ರೊಟ್ಟಿ ತಿಂದು ಎದ್ದ. ಮರುದಿನ ಎಂದಿನಂತೆ ನಾನು ಗೆರೆ ಅಳಿಸಲು ಹೋದಾಗ ಕೈ ಹಿಡಿದು ತಡೆದ. “ಬಿಡವ್ವಾ. ಇವು ನನ್ನವು, ನಾನ ಅಳಸ್ತೇನಿ.”

ಅಳಿಸಲಿಲ್ಲ. ಹರಗೋಲನ್ನು ಮತ್ತೆ ಹತ್ತಲೂ ಇಲ್ಲ. ಅವನು ತೀರಿಕೊಂಡ ಮೇಲೂ ಆ ಗೆರೆಗಳು ಅಲ್ಲೇ ಇದ್ದವು, ಭೀಮೆ ಉಕ್ಕಿ ಗೋಡೆಯನ್ನೇ ಕೆಡವಿದ ವರ್ಷದವರೆಗೆ.

ಅವನಿದ್ದಾಗಲೇ ಇನ್ನೊಂದು ಮಾತು ನಡೆದಿತ್ತು. ಕಾಕಾ ಸೂತಕ ಎಣಿಸದೆ ದಿನಾಲು ಬಲೆ ಬಿಡತೊಡಗಿ ಕೆಲವು ವರ್ಷಗಳಾಗಿದ್ದವು. ಒಂದು ಬೇಸಿಗೆಯಲ್ಲಿ ಆಯಿ ಸಮಾಧಾನದಿಂದ, “ಈ ವರ್ಷ ಬಲ್ಯಾಗ ಒಂದೂ ಹಕ್ಕಿ ಬಿದ್ದಿಲ್ಲ ನೋಡ್ರಿ, ದೇವರು ಕಣ್ಣ ತೆರದ,” ಎಂದಳು.

“ಬೀಳಾಕ ಯಾರ ಉಳದಾರ?” ಎಂದ ಮುತ್ಯಾ.

ನಾನು ಹೊಳೆಯ ಕಡೆ ನೋಡಿದೆ. ಅವು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದ ಬಂಡೆಯ ಮೇಲೆ ಬಿಸಿಲಷ್ಟೇ ಇತ್ತು.