ಅಣ್ಣನ ಫಂಕ್ಷನ್

ಪರೇಲಿನ ನಮ್ಮ ಆಫೀಸಿನಲ್ಲಿ ಕನ್ನಡ ಬಲ್ಲವರು ಇಬ್ಬರೇ, ನಾನು ಮತ್ತು ಅವರು. ವಿಜಯಪುರದ ಕಡೆಯವರು, ನನಗಿಂತ ಬಹಳ ಹಿರಿಯರು, ಭಾಂಡುಪ್‌ನಲ್ಲಿ ನಮ್ಮ ಬಿಲ್ಡಿಂಗಿನ ಹಿಂದಿರುವ ಬಿಲ್ಡಿಂಗಿನಲ್ಲೇ ಮನೆ. ನಾನು ಅಣ್ಣಾ ಎನ್ನುತ್ತಿದ್ದೆ. ಬೆಳಿಗ್ಗೆ ಒಂದೇ ಲೋಕಲ್ ಟ್ರೇನ್ ಹಿಡಿಯುತ್ತಿದ್ದೆವು. ಆಫೀಸಿನ ಅರ್ಧ ಕೆಲಸ ಆ ನೂಕುನುಗ್ಗಲಿನಲ್ಲೇ, ಕನ್ನಡದಲ್ಲೇ ಮುಗಿದುಹೋಗುತ್ತಿತ್ತು.

ನಮ್ಮದು ಆಸ್ಪತ್ರೆಗಳಿಗೆ ಬೇಕಾದ ಪ್ರೋಗ್ರಾಂ. ಎಮರ್ಜೆನ್ಸಿಗೆ ಬರುವ ರೋಗಿಗಳಿಗೆ ಇದ್ದ ಹಾಸಿಗೆ ಸಾಲದೆ ಹೋಗುವ ಸಂಭವ ಎಷ್ಟು ಎಂದು ಅದು ಹೇಳುತ್ತದೆ. ಆ ಸಂಭವವನ್ನು ಲೆಕ್ಕ ಹಾಕುವ ತುಣುಕು, ಅಂದರೆ ಫಂಕ್ಷನ್, ಅಣ್ಣ ಬರೆದದ್ದು. ಬಲು ನಿಧಾನ ಎಂದು ದೂರು ಬಂದಾಗ ವೇಗ ಹೆಚ್ಚಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನಿನ್ನೂ ಪ್ರೊಬೇಷನ್‌ನಲ್ಲಿದ್ದೆ. ಇದೊಂದು ದಡ ಸೇರಿಸಿದರೆ ನೌಕರಿ ಖಾಯಂ ಎಂದು ಮ್ಯಾನೇಜರ್ ಬಾಯಿಬಿಟ್ಟೇ ಹೇಳಿದ್ದರು. ಕೆಲಸವನ್ನು ಹಲವು ಎಳೆಗಳಿಗೆ, ಅಂದರೆ ಥ್ರೆಡ್‌ಗಳಿಗೆ, ಹಂಚಿ, ಎಲ್ಲವೂ ಒಟ್ಟಿಗೆ ನಡೆಯುವಂತೆ ಮಾಡಿದೆ. ಆದರೆ ಅಷ್ಟೂ ಥ್ರೆಡ್‌ಗಳು ಒಮ್ಮೆಗೇ ಕರೆಯುತ್ತಿದ್ದುದು ಅಣ್ಣನ ಫಂಕ್ಷನನ್ನೇ. ಅದು ತಡೆದುಕೊಳ್ಳುತ್ತದೆಯೇ?

ಇಂಥದ್ದನ್ನು ಟೀಮಿನ ಗ್ರೂಪಿನಲ್ಲಿ ಬರೆದು ಕೇಳಬೇಕೆಂಬುದು ಆಫೀಸಿನ ಪದ್ಧತಿ. ನಮ್ಮವರನ್ನು ಎಲ್ಲರೆದುರು ಇಂಗ್ಲಿಷಿನಲ್ಲಿ ಪ್ರಶ್ನಿಸುವುದೇ? ನನಗೆ ಮನಸ್ಸು ಬರಲಿಲ್ಲ. ಟ್ರೇನಿನಲ್ಲೇ ಕೇಳಿದೆ.

"ಕಣ್ಣ ಮುಚ್ಚಿ ಹಾಕೋ ತಮ್ಮಾ. ನಾ ಬರದದ್ದು ಅದು, ಏನೂ ಆಗೂದಿಲ್ಲ" ಎಂದರು.

ಸಣ್ಣ ಟೆಸ್ಟುಗಳಲ್ಲಿ ಏನೂ ಆಗಲಿಲ್ಲ. ಡೆಮೊ ದಿನ, ಆಸ್ಪತ್ರೆಯ ಡಾಕ್ಟರ್ ಒಂದೇ ಮಾಹಿತಿ ಕೊಟ್ಟು ಎರಡು ಸಲ ಬಟನ್ ಒತ್ತಿದರು. ಎರಡು ಬೇರೆ ಬೇರೆ ಉತ್ತರ ಬಂದವು. ಅದರಲ್ಲೊಂದು ಸೊನ್ನೆಗಿಂತಲೂ ಕಡಿಮೆ! ಸೊನ್ನೆಗಿಂತ ಕಡಿಮೆ ಸಂಭವ ಎಂಬುದು ಈ ಲೋಕದಲ್ಲೇ ಇಲ್ಲ. ಡಾಕ್ಟರ್ ನಕ್ಕು ಎದ್ದುಹೋದರು.

ಅಣ್ಣನ ಫಂಕ್ಷನ್ ಲೆಕ್ಕದ ನಡುವೆ ಪ್ಲಸ್ಸೋ ಮೈನಸ್ಸೋ ಎಂಬ ಚಿಹ್ನೆಯನ್ನು ಎಲ್ಲರಿಗೂ ಸೇರಿದ ಒಂದೇ ಜಾಗದಲ್ಲಿ ಬರೆದಿಡುತ್ತಿತ್ತು. ಹೋಟೆಲಿನಲ್ಲಿ ಇಬ್ಬರು ವೇಟರುಗಳು ಒಂದೇ ಸ್ಲೇಟಿನಲ್ಲಿ ಆರ್ಡರ್ ಬರೆದುಕೊಂಡ ಹಾಗೆ. ಒಬ್ಬ ಬರೆದು ಅತ್ತ ತಿರುಗುವಷ್ಟರಲ್ಲಿ ಇನ್ನೊಬ್ಬ ಅದನ್ನೊರೆಸಿ ತನ್ನದು ಬರೆದಿರುತ್ತಾನೆ. ಒಂದೇ ಥ್ರೆಡ್ ಇದ್ದಷ್ಟು ಕಾಲ ಈ ತಪ್ಪು ಹೊರಬಿದ್ದಿರಲಿಲ್ಲ.

ಮೀಟಿಂಗಿನಲ್ಲಿ ಮ್ಯಾನೇಜರ್ ಕೇಳಿದ್ದು ಒಂದೇ ಮಾತು: ಥ್ರೆಡ್ ಹಾಕುವ ಮೊದಲು ಫಂಕ್ಷನ್ ಬರೆದವರನ್ನು ಕೇಳಿದ್ದಿರಾ?

ಅಣ್ಣ ನನ್ನ ಕಡೆ ನೋಡಲೇ ಇಲ್ಲ. "ಮುಝ್‌ಸೆ ತೋ ಕಿಸೀನೆ ಪೂಛಾ ಹೀ ನಹೀ" ಎಂದರು; ತಮ್ಮನ್ನು ಯಾರೂ ಕೇಳಿಯೇ ಇಲ್ಲವಂತೆ.

ನಾನು ಎಲ್ಲಿದ್ದೇನೆಂಬುದನ್ನೇ ಮರೆತು, "ಅಣ್ಣಾ, ಟ್ರೇನಿನ್ಯಾಗ ಕೇಳಿದ್ನೆಲ್ಲಾ! ಕಣ್ಣ ಮುಚ್ಚಿ ಹಾಕು ಅಂದ್ರೆಲ್ಲಾ!" ಎಂದು ಕೂಗಿದೆ. ಕೋಣೆಯಲ್ಲಿದ್ದವರೆಲ್ಲ ಪಿಳಿಪಿಳಿ ನೋಡಿದರು. ಅದು ಅರ್ಥವಾದ ಒಬ್ಬರೇ ಒಬ್ಬರು ಇಂಗ್ಲಿಷಿನಲ್ಲಿ, ಬಲು ಮೃದುವಾಗಿ, ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಮಾತಾಡಿ ಎಂದರು. ಆಮೇಲೆ ನಾನು ಹಿಂದಿಯಲ್ಲಿ ಏನು ಹೇಳಿದರೂ ನೆಪದಂತೆಯೇ ಕೇಳಿಸಿತು.

ಫಂಕ್ಷನನ್ನು ನಾನೇ ರಿಪೇರಿ ಮಾಡಿದೆ. ಪ್ರತಿಯೊಂದು ಕರೆಯೂ ತನ್ನ ಚಿಹ್ನೆಯನ್ನು ತನ್ನಲ್ಲೇ ಇಟ್ಟುಕೊಂಡು, ಉತ್ತರದ ಜೊತೆಗೇ ಹಿಂದಿರುಗಿಸುವಂತೆ ಬರೆದೆ. ಉತ್ತರಗಳು ಸರಿಹೋದವು. ನೌಕರಿ ಖಾಯಂ ಆಗಲಿಲ್ಲ, ತಿಂಗಳ ಕೊನೆಗೆ ಬಿಡಿ ಎಂದರು.

ಮರುದಿನ ಲೋಕಲ್‌ನಲ್ಲಿ ಅಣ್ಣ ಜನರನ್ನು ಸರಿಸಿಕೊಂಡು ನನ್ನ ಪಕ್ಕಕ್ಕೇ ಬಂದು ನಿಂತರು. ಕುರ್ಲಾ ದಾಟಿದ ಮೇಲೆ ನನ್ನ ಕಿವಿಯ ಬಳಿ ಬಾಗಿದರು.

"ನನಗ ಗೊತ್ತಿತ್ತೋ ತಮ್ಮಾ. ನಂದು ಅಂತ ಆಫೀಸಿನ್ಯಾಗ ಉಳದದ್ದು ಅದೊಂದ. ಕೆಟ್ಟೈತಿ ಅಂತ ಹೇಳಿದ್ರ ಅದನ್ನೂ ತಗದು ಒಗೀತಿದ್ರು. ಸಿಟ್ಟ ಮಾಡ್ಕೋಬ್ಯಾಡ."

ಆ ಮಾತಿನಲ್ಲಿ ನನ್ನ ಅಪ್ಪನ ದನಿಯೇ ಇತ್ತು. ಅದಕ್ಕೇ ಸಿಟ್ಟು ಇನ್ನೂ ಏರಿತು.

"ಠೀಕ್ ಹೈ, ಸರ್" ಎಂದೆ.

ಅವರ ಮುಖ ಸಣ್ಣದಾಯಿತು. ಕನ್ನಡದಲ್ಲಿ ಇನ್ನೇನೋ ಕೇಳಿದರು. ಅದಕ್ಕೂ ನಾನು ಹಿಂದಿಯಲ್ಲೇ ಉತ್ತರಿಸಿದೆ.